ದೀಪನಗರನ ಕಠಾರಿ

2020ರ ಮಾರ್ಚ್ 10ರಂದು ಜಾವಾ ದ್ವೀಪದ ಬೊಗೋರ್ ಅರಮನೆಯಲ್ಲಿ ಡಚ್ಚರ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಅವರು ಇಂಡೋನೇಷ್ಯದ ಅಂದಿನ ಅಧ್ಯಕ್ಷ ಜೋಕೋ ವಿಡೋಡೋ ಅವರಿಗೆ ಹಳೆಯದೊಂದು ಕಠಾರಿಯನ್ನು ಒಪ್ಪಿಸಿದರು. ಜಾವಾದವರು ಅದಕ್ಕೆ ಕ್ರಿಸ್ ಎನ್ನುತ್ತಾರೆ. ಅಲಗು ಹಾವಿನಂತೆ ಬಳುಕಿದೆ. ಒಂದು ಕಾಲಕ್ಕೆ ಪೂಸಿದ್ದ ಬಂಗಾರ ಅಲ್ಲಲ್ಲಿ ಇನ್ನೂ ಮಿನುಗುತ್ತದೆ. ಅದಕ್ಕೊಂದು ಹೆಸರೂ ಉಂಟು: ಕ್ಯಾಯಿ ನಾಗ ಸಿಲುಮನ್, ಎಂದರೆ ಮಾಯಾನಾಗ. ಆಯುಧಕ್ಕೆ ಪೂಜ್ಯರಿಗೆ ಇಡುವಂಥ ಹೆಸರನ್ನಿಟ್ಟು ಮನೆಯ ಹಿರಿಯನಂತೆ ಕಾಣುವುದು ಅಲ್ಲಿಯ ರೂಢಿ. ಅದರ ಒಡೆಯನು ಜಾವಾದ ರಾಜಕುಮಾರ ದಿಪೊನೆಗೊರೊ. 1825ರಿಂದ 1830ರವರೆಗೆ ಐದು ವರ್ಷಗಳ ಕಾಲ ಡಚ್ಚರ ಆಡಳಿತವನ್ನು ಆ ದ್ವೀಪದಲ್ಲಿ ಅಲುಗಾಡಿಸಿದವನು. ಇಂಡೋನೇಷ್ಯ 1973ರಲ್ಲಿ ಅವನನ್ನು ರಾಷ್ಟ್ರವೀರನೆಂದು ವಿಧ್ಯುಕ್ತವಾಗಿ ಸಾರಿತು.

ಈ ಸುದ್ದಿ ಹಳೆಯದಾಯಿತಲ್ಲ, ಈಗೇಕೆ ಎಂದು ವಾಚಕರು ಕೇಳಬಹುದು. 2025ರ ನವೆಂಬರ್ 10ರಂದು, ಆ ದೇಶದ ವೀರರ ದಿನದಂದು, ಅಧ್ಯಕ್ಷ ಪ್ರಬೊವೊ ಸುಬಿಯಾಂತೊ ಅವರು ಆ ರಾಷ್ಟ್ರವೀರರ ಪಟ್ಟಿಗೆ ಹತ್ತು ಹೊಸ ಹೆಸರುಗಳನ್ನು ಸೇರಿಸಿದರು. ಅವುಗಳಲ್ಲೊಂದು ಸುಹಾರ್ತೊ. ಮೂವತ್ತೆರಡು ವರ್ಷ ದೇಶವನ್ನು ಉಕ್ಕಿನ ಹಿಡಿಯಲ್ಲಿಟ್ಟುಕೊಂಡು, 1998ರಲ್ಲಿ ಜನರ ಕೋಪಕ್ಕೆ ಪದವಿಯನ್ನು ಬಿಟ್ಟುಕೊಟ್ಟ ಅದೇ ಸೇನಾಪತಿ. ಪ್ರಬೊವೊ ಅವರಿಗೆ ಒಂದು ಕಾಲದ ಮಾವ. ಅದೇ ದಿನ, ಅದೇ ಪಟ್ಟಿಗೆ, ಮಾರ್ಸಿನಾ ಎಂಬ ಕಾರ್ಖಾನೆಯ ಹೆಣ್ಣುಮಗಳ ಹೆಸರೂ ಸೇರಿತು. ಅವಳು ಕೂಲಿ ಹೆಚ್ಚಿಸಿರೆಂದು ಮುಷ್ಕರ ಹೂಡಿ 1993ರಲ್ಲಿ, ಸುಹಾರ್ತೊ ಆಳ್ವಿಕೆಯಲ್ಲಿಯೇ, ಕೊಲೆಯಾಗಿ ಹೋದವಳು. ಆಳಿದವನನ್ನೂ ಆ ಆಳ್ವಿಕೆಯಲ್ಲಿ ಅಳಿದವಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಾಗ 'ರಾಷ್ಟ್ರವೀರ' ಎಂಬ ಮಾತಿನಲ್ಲಿ ಉಳಿಯುವ ಅರ್ಥವೇನು ಎಂಬ ಪ್ರಶ್ನೆ ಏಳದೆ ಇರದು. ದಿಪೊನೆಗೊರೊನಿಗೆ ಆ ಬಿರುದನ್ನು ಕೊಟ್ಟದ್ದು ಸುಹಾರ್ತೊ ಸರ್ಕಾರವೇ. ರಾಜಕುಮಾರನ ಹೆಸರನ್ನು ಹೊತ್ತ ಮಧ್ಯಜಾವಾದ ಸೈನ್ಯವಿಭಾಗಕ್ಕೆ 1950ರ ದಶಕದಲ್ಲಿ ಸುಹಾರ್ತೊ ದಳಪತಿಯಾಗಿಯೂ ಇದ್ದರು. ಆದುದರಿಂದ ಈ ಹೊಸ ಬಿರುದನ್ನು ಅರಿಯಲು ಆ ಹಳೆಯ ವೀರನ ಕಡೆಗೆ ತಿರುಗುವುದು ಅಪ್ರಸ್ತುತವಲ್ಲ.

ಹೆಸರಿನಿಂದಲೇ ತೊಡಗೋಣ. ಜಾವಾ ಭಾಷೆಯ ಉಚ್ಚಾರದಲ್ಲಿ ಅಕಾರವು ಎಷ್ಟೋ ಕಡೆ ಒಕಾರವಾಗುತ್ತದೆ. ಆ ಒಕಾರವನ್ನು ತೆಗೆದರೆ ದಿಪೊನೆಗೊರೊ 'ದೀಪನಗರ'ನಾಗುತ್ತಾನೆ. ನಗರವೆಂದರೆ ಅಲ್ಲಿ ರಾಜ್ಯ, ನಾಡು. ಅವನು ಹುಟ್ಟಿದ ಯೋಗ್ಯಕರ್ತದ ಹೆಸರಿನಲ್ಲಿ ನಮ್ಮ ಅಯೋಧ್ಯೆ ಇದೆ. ಸಾವಿರ ವರ್ಷಗಳ ಹಿಂದೆ ಕಡಲು ದಾಟಿ ಹೋದ ಶಬ್ದಗಳು ಮುಸಲ್ಮಾನನಾದ ರಾಜಕುಮಾರನೊಬ್ಬನ ಹೆಸರಿನಲ್ಲಿ ನೆಮ್ಮದಿಯಾಗಿ ಕುಳಿತಿರುವುದನ್ನು ಕಂಡಾಗ ಭಾಷೆಯ ಮೇಷ್ಟರಿಗೆ ಆಗುವ ಸಂತೋಷವನ್ನು ವಾಚಕರು ಮನ್ನಿಸಬೇಕು.

ಅವನು ಹುಟ್ಟಿದ್ದು 1785ರ ನವೆಂಬರ್ 11ರಂದು. ಮುಂದೆ ಮೂರನೆಯ ಹಮೆಂಗ್ಕುಬುವೊನೊ ಎನಿಸಿದ ಸುಲ್ತಾನನ ಹಿರಿಯ ಮಗ. ಆದರೆ ತಾಯಿ ಪಟ್ಟದರಸಿಯಲ್ಲ. ಅರಮನೆಯ ಗದ್ದಲದಿಂದ ದೂರವಾದ ತೆಗಲ್ರೆಜೊ ಎಂಬ ಹಳ್ಳಿಯಲ್ಲಿ ಮುತ್ತಜ್ಜಿಯ ಆಶ್ರಯದಲ್ಲಿ ಬೆಳೆದನು. ಗದ್ದೆಗಳ ನಡುವಿನ ಆ ಬಾಳು, ಧರ್ಮಗುರುಗಳ ಸಹವಾಸ, ಗುಹೆಗಳಲ್ಲಿ ತಪಸ್ಸು, ತೀರ್ಥಯಾತ್ರೆ, ಇವು ಅವನನ್ನು ರೂಪಿಸಿದವು. ತೊಗಲುಗೊಂಬೆಯಾಟದ ಪಾತ್ರಗಳಲ್ಲಿ ಅವನಿಗೆ ಆದರ್ಶವಾದವನು ಅರ್ಜುನ. ಗಾಂಡೀವ ಹಿಡಿದ ಅರ್ಜುನನಿಗಿಂತ ಹೆಚ್ಚಾಗಿ, ಪಾಶುಪತಕ್ಕಾಗಿ ತಪಸ್ಸಿಗೆ ಕುಳಿತ ಅರ್ಜುನ. ತಂದೆಯು ಯುವರಾಜ ಪದವಿಯನ್ನು ಕೊಡಬಂದಾಗ ತಾನು ಬೇಡವೆಂದೆನೆಂದು ಅವನೇ ಹೇಳಿಕೊಂಡಿದ್ದಾನೆ.

ಇಂಥ ಮನುಷ್ಯನು ಕತ್ತಿ ಹಿಡಿದುದಕ್ಕೆ ಕಾರಣಗಳು ಒಂದೆರಡಲ್ಲ. ಊರೂರ ದಾರಿಯಲ್ಲಿ ಸುಂಕದ ಕಟ್ಟೆಗಳು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಬಂದ ತಾಯಿಯಿಂದಲೂ ಹೊರೆಯ ಸುಂಕ ಕೇಳುತ್ತಿದ್ದರಂತೆ. ಅಫೀಮಿನ ಮಾರಾಟ ಹಳ್ಳಿಯವರೆಗೂ ಇಳಿದಿತ್ತು. 1821ರಲ್ಲಿ ಕಾಲರಾ ಬಂದಿತು. 1822ರ ಕೊನೆಯಲ್ಲಿ ಮೆರಾಪಿ ಪರ್ವತ ಬೆಂಕಿ ಉಗುಳಿತು. 1823ರಲ್ಲಿ ಡಚ್ ಗವರ್ನರ್ ಜನರಲ್ ಫಾನ್ ದರ್ ಕಪೆಲ್ಲೆನ್ ಯುರೋಪಿಯನ್ನರಿಗೆ ಕೊಟ್ಟಿದ್ದ ಭೂಮಿಯ ಗುತ್ತಿಗೆಗಳನ್ನು ರದ್ದುಮಾಡಿದನು. ಆದರೆ ಗುತ್ತಿಗೆದಾರರಿಗೆ ಪರಿಹಾರ ತೆರುವ ಭಾರ ಬಿದ್ದದ್ದು ಜಾವಾದ ಅರಸುಮಕ್ಕಳ ಮೇಲೆ. ಸಿಂಹಾಸನದಲ್ಲಿದ್ದವನು ಎಳೆಯ ಮಗು. ಅದರ ಪೋಷಕರಲ್ಲೊಬ್ಬನಾದ ದಿಪೊನೆಗೊರೊನ ಮಾತಿಗೆ ಬೆಲೆಯಿಲ್ಲ. ಇಷ್ಟು ಸೌದೆ ಒಟ್ಟಿದ ಮೇಲೆ ಕಿಡಿಯೊಂದು ಸಾಕಾಗಿತ್ತು. 1825ರಲ್ಲಿ ಹೊಸ ರಸ್ತೆಗೆಂದು ಅವನ ನೆಲದಲ್ಲಿ ಗೂಟ ನೆಟ್ಟರು, ಅವನ ಜನ ಕಿತ್ತರು, ಮತ್ತೆ ನೆಟ್ಟರು. ಜುಲೈ 20ರಂದು ಡಚ್ಚರ ಪಡೆ ತೆಗಲ್ರೆಜೊ ಮನೆಯನ್ನು ಸುಟ್ಟಿತು. ಅವನು ಸೆಲಾರೊಂಗ್ ಗುಹೆಗೆ ಸರಿದು ಯುದ್ಧ ಸಾರಿದನು.

ಯುದ್ಧದ ವಿವರಗಳನ್ನು ಇಲ್ಲಿ ಬೆಳೆಸುವುದಿಲ್ಲ. ಮೊದಲೆರಡು ವರ್ಷ ಡಚ್ಚರು ದಿಕ್ಕುಗೆಟ್ಟರು. 1827ರಿಂದ ಸೇನಾಧಿಪತಿ ದ ಕಾಕ್ ಊರೂರಿಗೆ ಸಣ್ಣ ಕೋಟೆಗಳನ್ನು ಕಟ್ಟಿಸಿ, ನಡುವೆ ರಸ್ತೆ ಮಾಡಿಸಿ, ಬಂಡಾಯಗಾರರು ಸುಳಿಯುವ ನೆಲವನ್ನು ಬಲೆಯಂತೆ ಬಿಗಿಯುತ್ತ ಬಂದನು. 1828ರಲ್ಲಿ ಧರ್ಮಗುರು ಕ್ಯಾಯಿ ಮಾಜಾ, 1829ರಲ್ಲಿ ತರುಣ ದಳಪತಿ ಸೆಂತೊತ್ ಶರಣಾದರು. ಸುಮಾರು 2 ಲಕ್ಷ ಜಾವಾ ಜನ ಸತ್ತರು, ಹೆಚ್ಚಿನವರು ಹಸಿವು ರೋಗಗಳಿಂದ. ಡಚ್ಚರ ಕಡೆಯಲ್ಲಿ ಸತ್ತವರು ಯುರೋಪಿನ ಸುಮಾರು 8,000 ಸೈನಿಕರು, ಸ್ಥಳೀಯ ಸೈನಿಕರು ಸುಮಾರು 7,000. ಈ ಕೊನೆಯ ಅಂಕಿಯನ್ನು ಗಮನಿಸಬೇಕು. ಮಡುರಾ, ಸುಲಾವೇಸಿ, ಮಲುಕು ದ್ವೀಪಗಳ ಜನ, ಜಾವಾದ ನೆರೆಯ ಅರಸುಮನೆಗಳ ದಂಡು, ಇವರೆಲ್ಲ ಡಚ್ಚರ ಕಡೆ ನಿಂತು ಕಾದಿದವರು. 'ಇಂಡೋನೇಷ್ಯ' ಎಂಬ ಶಬ್ದವೇ ಅಂದು ಹುಟ್ಟಿರಲಿಲ್ಲ. ಅವನು ಹೋರಾಡಿದ್ದು ಜಾವಾಕ್ಕಾಗಿ, ತನ್ನ ಧರ್ಮಕ್ಕಾಗಿ, ನ್ಯಾಯವಂತ ದೊರೆಯೊಬ್ಬನು ಬರುವನೆಂಬ ಜನರ ಹಳೆಯ ನಂಬಿಕೆಗಾಗಿ. ರಾಷ್ಟ್ರವೀರನೆಂಬ ಅಂಗಿ ಅವನ ಅಳತೆ ನೋಡಿ ಹೊಲಿದದ್ದಲ್ಲ.

ಸೋತು ಸುಣ್ಣವಾಗಿದ್ದರೂ ಅವನು ಶರಣಾಗಲಿಲ್ಲ. 1830ರ ಫೆಬ್ರವರಿಯಲ್ಲಿ ಕರ್ನಲ್ ಕ್ಲೇರೆನ್ಸ್ ಎಂಬವನು ಸಂಧಾನಕ್ಕೆ ಕರೆದನು. ಮಾರ್ಚಿಯಲ್ಲಿ ರಾಜಕುಮಾರನು ಮಾಗೆಲಾಂಗ್ ಪಟ್ಟಣಕ್ಕೆ ಬಂದನು. ಉಪವಾಸದ ತಿಂಗಳು, ಅದು ಮುಗಿಯುವವರೆಗೆ ರಾಜಕೀಯದ ಮಾತು ಬೇಡವೆಂದು ಎರಡು ಕಡೆಯವರೂ ಸೌಜನ್ಯದಿಂದ ಕಾಲ ಕಳೆದರು. ಮಾತು ಮುರಿದರೆ ತಾನು ನಿರಾತಂಕವಾಗಿ ಹಿಂದಿರುಗಬಹುದೆಂಬುದು ಅವನ ತಿಳಿವಳಿಕೆ. ಮಾರ್ಚ್ 28ರಂದು, ಹಬ್ಬದ ಮರುದಿನ, ಮರ್ಯಾದೆಯ ಭೇಟಿಗೆಂದು ದ ಕಾಕನ ಮನೆಗೆ ಹೋದವನನ್ನು ಅಲ್ಲಿಯೇ ಹಿಡಿದರು. ಸೈನ್ಯ ಮೊದಲೇ ಸಿದ್ಧವಾಗಿ ನಿಂತಿತ್ತು. ಹಬ್ಬಕ್ಕೆ ಬಂದ ಅತಿಥಿ ಸೆರೆಯಾಳಾಗಿ ಗಾಡಿ ಹತ್ತಿದನು.

ಈ ಒಂದು ಗಳಿಗೆಯನ್ನು ಇಬ್ಬರು ಚಿತ್ರಕಾರರು ಚಿತ್ರಿಸಿದ್ದಾರೆ. ಡಚ್ ಚಿತ್ರಕಾರ ಪೀನೆಮನ್ ಬರೆದ ಚಿತ್ರದಲ್ಲಿ ದ ಕಾಕ್ ಮೆಟ್ಟಿಲ ಮೇಲೆ ಗಂಭೀರವಾಗಿ ನಿಂತು, ತುಂಟ ಮಗನಿಗೆ ತಂದೆ ದಾರಿ ತೋರುವಂತೆ, ಗಾಡಿಯ ಕಡೆಗೆ ಕೈ ತೋರಿಸುತ್ತಾನೆ. ಹಿಂದೆ ಡಚ್ಚರ ಬಾವುಟ ಹಾರುತ್ತದೆ. ಅದರ ಹೆಸರು 'ಶರಣಾಗತಿ'. ಜಾವಾದವನೇ ಆದ ರಾಡೆನ್ ಸಾಲೇ, ಇಪ್ಪತ್ತಕ್ಕೂ ಹೆಚ್ಚು ವರ್ಷ ಯುರೋಪಿನಲ್ಲಿ ಕಲಿತು ಮರಳಿದ ಮೇಲೆ, 1857ರಲ್ಲಿ ಬರೆದ ಚಿತ್ರದಲ್ಲಿ ಬಾವುಟವಿಲ್ಲ, ಗಾಳಿಯೇ ಇಲ್ಲ. ರಾಜಕುಮಾರ ತಲೆಯೆತ್ತಿ, ಸಿಟ್ಟನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಾನೆ. ಡಚ್ ಅಧಿಕಾರಿಗಳ ತಲೆಗಳು ಮೈಗಿಂತ ಒಂದಿಷ್ಟು ದಪ್ಪ. ಅದು ಕೈತಪ್ಪಲ್ಲ, ಗೊಂಬೆಯಾಟದ ರಾಕ್ಷಸರನ್ನು ಕಂಡ ಕಣ್ಣಿಗೆ ಹೊಳೆಯುವ ಸೂಚನೆ ಎಂದು ಹೇಳುವವರಿದ್ದಾರೆ. ಸಾಲೇ ಈ ಚಿತ್ರವನ್ನು ಡಚ್ಚರ ದೊರೆ ಮೂರನೆಯ ವಿಲ್ಲೆಮನಿಗೇ ಕಾಣಿಕೆಯಾಗಿ ಕಳುಹಿಸಿದನು! ಅರಮನೆಯವರು ಅದರಲ್ಲಿ ಏನನ್ನು ಕಂಡರೋ. 1978ರಲ್ಲಿ ಚಿತ್ರ ಇಂಡೋನೇಷ್ಯಕ್ಕೆ ಮರಳಿತು. ಸೋತವನ ಕಥೆಯನ್ನು ಗೆದ್ದವನ ಗೋಡೆಗೇ ತೂಗುಹಾಕಿಸಿದ ಈ ಜಾಣ್ಮೆಯ ಮುಂದೆ ಎಷ್ಟೋ ವೀರಗೀತೆಗಳು ನನಗೆ ಪೇಲವವಾಗಿ ತೋರುತ್ತವೆ.

ಕಠಾರಿಯ ಗತಿ ಏನಾಯಿತು? ಕ್ಲೇರೆನ್ಸ್ ಅದನ್ನು 1831ರಲ್ಲಿ ದೊರೆ ಒಂದನೆಯ ವಿಲ್ಲೆಮನಿಗೆ ಒಪ್ಪಿಸಿದನು. ಅಲ್ಲಿಂದ ಅರಮನೆಯ ಅಪೂರ್ವವಸ್ತುಗಳ ಕೋಣೆಗೆ, ಆ ಕೋಣೆ ಚದುರಿದ ಮೇಲೆ ಲೈಡನ್ನಿನ ವಸ್ತುಸಂಗ್ರಹಾಲಯಕ್ಕೆ. ಬಂದುದು ಬಂದಿತು, ಯಾವುದು ಯಾರದೆಂಬ ನೆನಪು ತಪ್ಪಿಹೋಯಿತು. ಸೆಂತೊತ್ ಬರೆದಿದ್ದ ಒಂದು ಬರಹ, ಅದರ ಮೇಲೆ ರಾಡೆನ್ ಸಾಲೇ ಹಾಕಿದ್ದ ಟಿಪ್ಪಣಿ, ಇವುಗಳ ಆಧಾರದಿಂದ ವಿದ್ವಾಂಸರು ಅದನ್ನು ಗುರುತಿಸಿದರು. ಕಠಾರಿಯ ಆಕಾರ ಹೆಸರಿಗೆ ಹೊಂದುವುದಿಲ್ಲವೆಂದು ಇಂಡೋನೇಷ್ಯದ ಕೆಲವು ಬಲ್ಲವರು ಸಂಶಯಪಟ್ಟದ್ದೂ ಉಂಟು. ಅದೇನೇ ಇರಲಿ, ಮರಳಿಸುವ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2023ರ ಜುಲೈನಲ್ಲಿ ಲೊಂಬೊಕ್ ದ್ವೀಪದಿಂದ ಒಯ್ದ ಒಡವೆಗಳೂ ಸಿಂಗಸಾರಿಯ ಶಿಲ್ಪಗಳೂ ಸೇರಿ ನೂರಾರು ವಸ್ತುಗಳನ್ನು ಹಿಂತಿರುಗಿಸಲು ಡಚ್ಚರು ಒಪ್ಪಿದರು. 2025ರ ಸೆಪ್ಟೆಂಬರಿನಲ್ಲಿ ಜಾವಾ ಮಾನವನ ಎಲುಬುಗಳನ್ನು ಒಳಗೊಂಡ 28,000ಕ್ಕೂ ಮಿಕ್ಕ ಪಳೆಯುಳಿಕೆಗಳನ್ನು ಕೊಡುವ ನಿರ್ಧಾರ ಪ್ರಕಟವಾಯಿತು. ಇದು ಸಣ್ಣ ಮಾತಲ್ಲ. ಆದರೆ 2020ರಲ್ಲಿ ದೊರೆ ಕೇಳಿದ ಕ್ಷಮೆ 1945ರ ಸ್ವಾತಂತ್ರ್ಯಘೋಷಣೆಯ ನಂತರದ ವರ್ಷಗಳಲ್ಲಿ ನಡೆದ ಅತಿಯಾದ ಹಿಂಸೆಗೆ ಮಾತ್ರ. ಕೈಯಲ್ಲಿ ಹಿಡಿದಿದ್ದ ಕಠಾರಿ 1830ರದು. ಆ ಯುದ್ಧದ 2 ಲಕ್ಷ ಸತ್ತವರಾಗಲಿ, ಯುದ್ಧದ ಖರ್ಚು ಸುಮಾರು 2 ಕೋಟಿ ಗಿಲ್ಡರನ್ನು ಮರಳಿ ಗಳಿಸಲು ಅದೇ ವರ್ಷ ಜಾವಾದ ರೈತನ ಹೆಗಲಿಗೇರಿಸಿದ ಕಡ್ಡಾಯ ಬೇಸಾಯದ ಪದ್ಧತಿಯಾಗಲಿ ಆ ಕ್ಷಮೆಯ ಲೆಕ್ಕಕ್ಕೆ ಬರಲಿಲ್ಲ. ಕಾಫಿ, ಸಕ್ಕರೆ, ನೀಲಿ ಬೆಳೆಸಿದ ಆ ಪದ್ಧತಿಯಿಂದ 1877ರವರೆಗೆ ಡಚ್ ಬೊಕ್ಕಸಕ್ಕೆ ಹರಿದದ್ದು 80 ಕೋಟಿ ಗಿಲ್ಡರಿಗೂ ಮಿಕ್ಕು.

ಇಲ್ಲಿ ನಮ್ಮ ಮನೆಯ ಮಾತೊಂದು ಬರುತ್ತದೆ. ತರಗತಿಯಲ್ಲಿ ಕೈಫಿಯತ್ತುಗಳ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ಈ ಮೆಕೆಂಜಿ ಮೈಸೂರನ್ನು ಅಳೆದ ಮೇಲೆ ಎಲ್ಲಿಗೆ ಹೋದ ಸಾರ್?" ಎಂದು ಕೇಳಿದಳು. ನಿಜವಾಗಿ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಸರ್ವೆ ಮಾಡಿ, ಶಾನುಭೋಗರಿಂದಲೂ ಗುಡಿಯ ಅರ್ಚಕರಿಂದಲೂ ಊರೂರ ಕೈಫಿಯತ್ತುಗಳನ್ನು ಬರೆಸಿಕೊಂಡ ಕಾಲಿನ್ ಮೆಕೆಂಜಿ 1811ರಲ್ಲಿ ಹೋದದ್ದು ಜಾವಾಕ್ಕೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲಿಷರು ಐದು ವರ್ಷ ಆ ದ್ವೀಪವನ್ನು ಹಿಡಿದಿದ್ದರು. 1812ರ ಜೂನ್ 20ರಂದು ಅವರ ಸೈನ್ಯ ಯೋಗ್ಯಕರ್ತದ ಅರಮನೆಯನ್ನು ಮುತ್ತಿ ಸೂರೆಮಾಡಿತು. ನಾಯಕ ಕರ್ನಲ್ ಗಿಲ್ಲೆಸ್ಪಿ. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ವೆಲ್ಲೂರಿನ ಕೋಟೆಯಲ್ಲಿ 1806ರ ಸಿಪಾಯಿಗಳ ದಂಗೆಯನ್ನು ರಕ್ತದಲ್ಲಿ ಅಡಗಿಸಿದವನು ಇವನೇ. ದಾಳಿಯ ಪಡೆಯಲ್ಲಿ ಹಿಂದೂಸ್ಥಾನದ ಸಿಪಾಯಿಗಳಿದ್ದರು. ಮೆಕೆಂಜಿಯೂ ಇದ್ದನು. ಅರಮನೆಯ ಬಂಗಾರ ಬೆಳ್ಳಿ ಅಧಿಕಾರಿಗಳ ಪಾಲಾಯಿತು. ಪುಸ್ತಕಭಂಡಾರ ರಾಫಲ್ಸ್, ಕ್ರಾಫರ್ಡ್, ಮೆಕೆಂಜಿ ಈ ಮೂವರಲ್ಲಿ ಹಂಚಿಹೋಯಿತು. ಇಪ್ಪತ್ತಾರರ ತರುಣ ದಿಪೊನೆಗೊರೊ ಇದನ್ನೆಲ್ಲ ಕಣ್ಣಾರೆ ಕಂಡನು. ಅಜ್ಜನನ್ನು ಗಾದಿಯಿಂದಿಳಿಸಿ ಪೆನಾಂಗಿಗೆ ಅಟ್ಟಿ, ಅವನ ತಂದೆಯನ್ನು ಗಾದಿಗೇರಿಸಿದವರೂ ಇಂಗ್ಲಿಷರೇ.

ಮೆಕೆಂಜಿಗೆ ಕನ್ನಡ ಇತಿಹಾಸ ಋಣಿ, ಸಂದೇಹವಿಲ್ಲ. ಅವನು ಬರೆಸದಿದ್ದರೆ ಎಷ್ಟೋ ಊರುಗಳ ನೆನಪು ಮಣ್ಣುಗೂಡುತ್ತಿತ್ತು. ಆದರೆ ಇಲ್ಲಿ ಕೇಳಿ ಬರೆಸಿಕೊಂಡ ಕೈಯೇ ಅಲ್ಲಿ ಸೂರೆಯಾದ ಅರಮನೆಯಿಂದ ಹೊತ್ತುಕೊಂಡಿತೆಂಬುದು ತಿಳಿದ ಮೇಲೆ ಕೈಫಿಯತ್ತಿನ ಪಾಠವನ್ನು ಮೊದಲಿನಂತೆ ಹೇಳಲು ನನಗೆ ಆಗಿಲ್ಲ. 2019ರಲ್ಲಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯವು ಆ ಭಂಡಾರದ 75 ಹಸ್ತಪ್ರತಿಗಳನ್ನು ಡಿಜಿಟಲ್ ಪ್ರತಿಮಾಡಿ ಇಂದಿನ ಸುಲ್ತಾನರಿಗೆ ಒಪ್ಪಿಸಿತು. ಕೊಟ್ಟದ್ದು ನೆರಳನ್ನು, ಮೂಲ ಲಂಡನ್ನಿನಲ್ಲಿಯೇ ಉಳಿಯಿತು. ಡಚ್ಚರನ್ನು ಹೊಗಳುವುದು ನನ್ನ ಉದ್ದೇಶವಲ್ಲ; ಆದರೂ ಕಠಾರಿಯನ್ನು ಕಳುಹಿಸಿದವರಿಗಿಂತ ಕಡತದ ಚಿತ್ರವನ್ನು ಕಳುಹಿಸಿದವರು ಹಿಂದೆ ಬಿದ್ದರೆಂದು ಹೇಳಲೇಬೇಕು.

ದಿಪೊನೆಗೊರೊ ಬಿಟ್ಟುಹೋದ ನಿಜವಾದ ಆಸ್ತಿ ಕಠಾರಿಯಲ್ಲ, ಪುಸ್ತಕ. ಸೆರೆಯಾದ ಮೇಲೆ ಅವನನ್ನು ಸುಲಾವೇಸಿಯ ಮನಾಡೊ ಊರಿಗೆ ಸಾಗಿಸಿದರು. ಅಲ್ಲಿ 1831-32ರಲ್ಲಿ ಕೆಲವೇ ತಿಂಗಳಲ್ಲಿ ಅವನು ತನ್ನ ಕಥೆಯನ್ನೂ ಜಾವಾದ ಕಥೆಯನ್ನೂ ಹಾಡುವ ಛಂದಸ್ಸಿನಲ್ಲಿ ರಚಿಸಿದನು. ಸಾವಿರ ಪುಟಗಳಿಗೂ ಮಿಕ್ಕ ಕಾವ್ಯ. ನಮ್ಮಲ್ಲಿ ಷಟ್ಪದಿಯನ್ನು ಗಮಕಿಗಳು ಓದುವಂತೆ ಅಲ್ಲಿಯೂ ಅದನ್ನು ರಾಗವಾಗಿ ಓದುವುದು ಪದ್ಧತಿ. 'ಬಾಬಾದ್' ಎಂಬುದು ಅಂಥ ಚರಿತೆಯ ಹೆಸರು. ಕಾಡು ಕಡಿದು ನೆಲ ಮಾಡುವುದೆಂದೂ ಆ ಮಾತಿಗೆ ಅರ್ಥವುಂಟು. ಮೂಲಪ್ರತಿ ಉಳಿದಿಲ್ಲ, ಜಕಾರ್ತಾದಲ್ಲಿಯೂ ಲೈಡನ್ನಿನಲ್ಲಿಯೂ ಇರುವ ಪ್ರತಿಗಳನ್ನು ಯುನೆಸ್ಕೊ 2013ರಲ್ಲಿ ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು.

ಈ ಪುಸ್ತಕವನ್ನು ಓದಿದವರಿಗೆ ಕುದುರೆಯ ಮೇಲೆ ಕತ್ತಿ ಹಿಡಿದು ಕುಳಿತ ಕಂಚಿನ ವಿಗ್ರಹ ಸಾಲದು. ದಕ್ಷಿಣ ಸಮುದ್ರದ ದೇವತೆಯಾದ ರಾತು ಕಿದುಲ್ ಯುದ್ಧದಲ್ಲಿ ನೆರವಾಗುವೆನೆಂದು ಬಂದರೆ ಬೇಡವೆಂದು ಕಳುಹಿಸಿದ ಧೀರನು ಅಲ್ಲಿದ್ದಾನೆ. 1826ರ ಸೋಲಿಗೆ ತಾನು ಚೀಣೀ ಹೆಣ್ಣೊಬ್ಬಳ ಸಂಗ ಮಾಡಿದ ಪಾಪವೇ ಕಾರಣವೆಂದು ಹಲುಬುವ ಮನುಷ್ಯನೂ ಇದ್ದಾನೆ. ಮೈಮರೆತವನು ತಾನು, ಹೊರೆ ಬಿದ್ದದ್ದು ಅವಳ ಕುಲದ ಮೇಲೆ! ಚೀಣೀ ಹೆಂಗಸರ ಸಂಗ ಮಾಡಕೂಡದೆಂದು ತನ್ನ ದಳಪತಿಗಳಿಗೆ ಕಟ್ಟಪ್ಪಣೆ ಮಾಡಿದನು. ಸುಂಕದ ಕಟ್ಟೆಗಳ ಗುತ್ತಿಗೆ ಚೀಣೀಯರದಾಗಿದ್ದುದರಿಂದ ರೈತನ ಕೋಪವೆಲ್ಲ ಅವರ ಮೇಲೆ ತಿರುಗಿತು. ಕಟ್ಟೆಯನ್ನು ಹರಾಜು ಹಾಕಿ ಹಣ ಎಣಿಸಿದ ಸರ್ಕಾರ ದೂರದಲ್ಲಿತ್ತು. 1825ರ ಸೆಪ್ಟೆಂಬರಿನಲ್ಲಿ ಙಾವಿ ಪಟ್ಟಣದಲ್ಲಿ ಹೆಂಗಸರು ಮಕ್ಕಳೆನ್ನದೆ ಚೀಣೀಯರ ಕೊಲೆ ನಡೆಯಿತು. ಉತ್ತರ ಕರಾವಳಿಯ ಲಾಸೆಮ್ಮಿನಲ್ಲಿ ಚೀಣೀಯರೇ ಬಂಡಾಯದ ಪಕ್ಷ ಹಿಡಿದದ್ದೂ ಉಂಟು; ಆದರೆ ಒಮ್ಮೆ ಹುಟ್ಟಿದ ದ್ವೇಷಕ್ಕೆ ಇಂಥ ವಿವರಗಳು ಬೇಕಾಗುವುದಿಲ್ಲ. 1998ರ ಮೇ ತಿಂಗಳಲ್ಲಿ ಸುಹಾರ್ತೊ ಪತನದ ಹೊತ್ತಿಗೆ ಜಕಾರ್ತಾದಲ್ಲಿಯೂ ಸೋಲೋ ನಗರದಲ್ಲಿಯೂ ಮತ್ತೆ ಸುಟ್ಟದ್ದು ಚೀಣೀ ಅಂಗಡಿಗಳೇ. ವೀರನನ್ನು ಇಡಿಯಾಗಿ ಓದದ ದೇಶ ಅವನ ಕುರುಡನ್ನೂ ಅರಿಯದೆಯೇ ಪೂಜಿಸುತ್ತ ಬರುವ ಅಪಾಯ ಇದು.

ಸುಹಾರ್ತೊ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. 1965-66ರಲ್ಲಿ ಕಮ್ಯುನಿಸ್ಟರೆಂಬ ಹೆಸರಿನಲ್ಲಿ ಕೊಲೆಯಾದವರು ಕಡಿಮೆಯೆಂದರೂ 5 ಲಕ್ಷವೆಂಬುದು ವಿದ್ವಾಂಸರ ಅಂದಾಜು. ಅವರು ಆಳುವಾಗ ಅಕ್ಕಿಯ ಉತ್ಪನ್ನ ಹೆಚ್ಚಿತು, ಶಾಲೆಗಳು ಬಂದವು. ಬಿರುದನ್ನು ಬೆಂಬಲಿಸುವವರು ಇದನ್ನೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಮತ್ತೊಂದು ದ್ವೀಪದ ಕಡೆ ನೋಡಬೇಕು. 1975ರ ಡಿಸೆಂಬರಿನಲ್ಲಿ ಸುಹಾರ್ತೊ ಸೈನ್ಯ ಪೂರ್ವ ತಿಮೋರನ್ನು ಆಕ್ರಮಿಸಿತು. ಬೆಟ್ಟಗಳಲ್ಲಿ ಅಡಗಿ ಪ್ರತಿಭಟನೆಯನ್ನು ನಡೆಸಿದ ನಿಕೊಲಾವ್ ಲೊಬಾತೊ 1978ರ ಡಿಸೆಂಬರ್ 31ರಂದು ಆ ಸೈನ್ಯದ ಕೈಯಲ್ಲಿ ಮಡಿದನು. ಇಂದು ಅವನು ಆ ಪುಟ್ಟ ದೇಶದ ರಾಷ್ಟ್ರವೀರ. ರಾಜಧಾನಿ ದಿಲಿಯ ವಿಮಾನನಿಲ್ದಾಣಕ್ಕೆ ಅವನ ಹೆಸರು. 2025ರ ಅಕ್ಟೋಬರಿನಲ್ಲಿ ತಿಮೋರ್ ಆಸಿಯಾನ್ ಕೂಟವನ್ನು ಸೇರಿ ಇಂಡೋನೇಷ್ಯದ ಪಕ್ಕದಲ್ಲಿ ಸಮಾನವಾಗಿ ಕುಳಿತಿತು. ಎರಡು ವಾರ ಕಳೆದ ಬೆನ್ನಿಗೇ ಸುಹಾರ್ತೊ ವೀರರಾದರು. ಗೂಟ ನೆಟ್ಟವರ ಎದುರು ಗೂಟ ಕಿತ್ತವನಿಗೆ ಕೊಟ್ಟ ಬಿರುದು, ಇನ್ನೊಬ್ಬರ ನೆಲದಲ್ಲಿ ಗೂಟ ನೆಡಿಸಿದವರಿಗೂ ದೊರೆಯಿತು.

ದಿಪೊನೆಗೊರೊ 1833ರಲ್ಲಿ ಮಕಸ್ಸಾರಿಗೆ ಬಂದನು. ರೊಟರ್‍ಡ್ಯಾಮ್ ಕೋಟೆಯಲ್ಲಿ ಸೆರೆ. ಜೊತೆಯಲ್ಲಿ ಹೆಂಡತಿ ರತ್ನನಿಂಗ್ಸಿಹ್. ಮೆಕ್ಕಾಕ್ಕೆ ಹೋಗಬೇಕೆಂಬ ಬಯಕೆ ಕೈಗೂಡಲಿಲ್ಲ. ದೂರದಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ಜಾವಾ ಮರೆಯಬಾರದೆಂದು ಅಲ್ಲಿಯೂ ಬರೆದನು. 1855ರ ಜನವರಿ 8ರಂದು ತೀರಿಕೊಂಡನು. 1837ರಲ್ಲಿ ಡಚ್ ಅರಮನೆಯ ಹುಡುಗ, ರಾಜಕುಮಾರ ಹೆಂಡ್ರಿಕ್, ಹದಿನಾರರ ವಯಸ್ಸಿನವನು, ಹಡಗಿನಲ್ಲಿ ಬಂದವನು ಕೋಟೆಗೆ ಹೋಗಿ ಈ ಸೆರೆಯಾಳನ್ನು ಕಂಡನು. ಹಿಡಿದ ಬಗೆ ಡಚ್ಚರ ಮಾತಿನ ನಿಷ್ಠೆಗೆ ಕಳಂಕವೆಂದು ಅವನಿಗೆ ಅನಿಸಿತು. ಹಾಗೆಂದು ಬರೆದೂ ಇಟ್ಟನು. ಅದೇ ಮನೆತನದ ದೊರೆಯ ಕೈಯಿಂದ ಕಠಾರಿ ಹಿಂದಕ್ಕೆ ಬಂದದ್ದು ಅಲ್ಲಿಂದ 183 ವರ್ಷಗಳ ಮೇಲೆ.